ಎರಡು ಬೆರಳು ಎತ್ತರದ ಸೀಟು

ಕಾಲು ಪೆಡಲಿಗೆ ಎಟುಕುತ್ತಿರಲಿಲ್ಲ.

ಎಟುಕುತ್ತಲೇ ಇರಲಿಲ್ಲ ಎಂದರೆ ಸುಳ್ಳಾದೀತು. ಪೆಡಲು ಕೆಳಗಿಳಿದಾಗಲೆಲ್ಲ ಹೆಬ್ಬೆರಳಿನ ತುದಿಯಷ್ಟೇ ತಾಗುತ್ತಿತ್ತು. ಅದನ್ನು ಹಿಡಿಯಲು ಸೊಂಟ ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ಜಾರುತ್ತಿತ್ತು. ಇನ್ಸ್‌ಪೆಕ್ಟರ್ ನಿಧಾನಮ್ಮ ಎರಡು ಮೈಲಿ ಹಾಗೇ ತುಳಿದಳು. ತನ್ನ ವಯಸ್ಸನ್ನು ಬೈದುಕೊಂಡಳು. ಸೈಕಲ್ಲನ್ನೂ ಬೈದಳು. ಮೂರನೆಯ ಮೈಲಿಗೆ ಬಂದಾಗ ಬೈಯುವುದನ್ನು ಬಿಟ್ಟು ಯೋಚಿಸತೊಡಗಿದಳು.

ಬೆಳಗಿನ ಆರು ಗಂಟೆ. ಕಾಲುವೆಯ ಮೇಲೆ ಮಂಜು ಮಲಗಿತ್ತು. ನೀರು ಎಲ್ಲಿ ಮುಗಿಯಿತು, ಮಂಜು ಎಲ್ಲಿ ಶುರುವಾಯಿತು ಎಂದು ಹೇಳುವಂತಿರಲಿಲ್ಲ. ಏರಿಯ ಮೇಲಿನ ಮಣ್ಣುದಾರಿ ಚಕ್ರದಡಿ ಮೆತ್ತಗೆ ಸರಿಯುತ್ತಿತ್ತು. ಒಂದು ಕೊಕ್ಕರೆ ಅವಳ ಜೊತೆಜೊತೆಗೇ ಸ್ವಲ್ಪ ದೂರ ಹಾರಿ, ಬೇಸರ ಬಂದಂತೆ ಆಚೆ ದಡಕ್ಕೆ ತಿರುಗಿತು.

ಹಲ್ಲಿನ ಡಾಕ್ಟರು ಕಾಣೆಯಾಗಿ ಇಂದಿಗೆ ಇಪ್ಪತ್ತೊಂದು ದಿನ. ಅವರ ಈ ಸೈಕಲ್ಲು ಕಾಲುವೆಯ ಕಲ್ಲುಸೇತುವೆಗೆ ಒರಗಿ ನಿಂತಿತ್ತು. ಮುಳುಗುಗಾರರು ಮೂರು ದಿನ ನೀರು ಕಲಕಿದರೂ ಡಾಕ್ಟರು ಸಿಕ್ಕಿರಲಿಲ್ಲ.

ಡಾಕ್ಟರ ದಾರಿಯಲ್ಲಿ ಡಾಕ್ಟರ ಸೈಕಲ್ಲಿನಲ್ಲೇ ಒಮ್ಮೆ ಹೋಗಿಬರಬೇಕೆಂದು ಅವಳು ಅದನ್ನು ಠಾಣೆಯ ಉಗ್ರಾಣದಿಂದ ಹೊರಗೆ ತಂದದ್ದು ಇವತ್ತೇ. ಠಾಣೆಯಲ್ಲಿ ಎಲ್ಲರೂ ಮುಸಿಮುಸಿ ನಕ್ಕಿದ್ದರು. ಕಳ್ಳ ಓಡಿದರೂ ಈಕೆ ನಡೆದುಕೊಂಡೇ ಹೋಗುತ್ತಾಳೆ ಎಂದು ಬೆನ್ನ ಹಿಂದೆ ನಿಧಾನಮ್ಮ ಎಂಬ ಹೆಸರಿಟ್ಟವರು ಅವರೇ. ನಡೆದುಕೊಂಡು ಹೋಗಿಯೂ ಹಿಡಿಯುತ್ತಾಳೆ ಎಂಬ ಉಳಿದರ್ಧವನ್ನು ಯಾರೂ ಹೇಳುತ್ತಿರಲಿಲ್ಲ.

ಅವಳು ಸೈಕಲ್ ನಿಲ್ಲಿಸಿದಳು. ಎರಡೂ ಕಾಲು ಊರಿ, ಚೀಲದಿಂದ ಡಾಕ್ಟರ ಗುರುತಿನ ಹಾಳೆ ತೆಗೆದಳು. ಎತ್ತರ: ಐದಡಿ ನಾಲ್ಕಂಗುಲ.

ಅವಳೂ ಐದಡಿ ನಾಲ್ಕಂಗುಲ. ಕೂದಲೆಳೆಯ ವ್ಯತ್ಯಾಸವಿಲ್ಲ.

ಹಾಗಿದ್ದರೆ ಡಾಕ್ಟರ ಕಾಲೂ ಈ ಪೆಡಲಿಗೆ ಎಟುಕುತ್ತಿರಲಿಲ್ಲ.

*

ಊರಿನಲ್ಲಿ ಸೈಕಲ್ ರಿಪೇರಿ ಮಾಡುವವನ ಕೈಯಲ್ಲಿ ಸದಾ ಒಂದು ಚಕ್ರ ಇರುತ್ತಿದ್ದುದರಿಂದ ಅವನಿಗೆ ಚಕ್ರಪಾಣಿ ಎಂದೇ ಹೆಸರು ಬಿದ್ದಿತ್ತು. ನಿಧಾನಮ್ಮ ಅಂಗಡಿ ಮುಟ್ಟಿದಾಗ ಅವನು ಆಗಷ್ಟೇ ಬಾಗಿಲು ತೆಗೆದು, ಸೊಟ್ಟಗಾದ ಚಕ್ರವೊಂದನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದ.

"ಇದರ ಸೀಟು ಯಾರಪ್ಪಾ ಏರಿಸಿದ್ದು?"

ಅವನು ಚಕ್ರ ಕೆಳಗಿಟ್ಟ. "ನಾನಂತೂ ಅಲ್ಲ. ಸೀಟು ಮುಟ್ಟಿದ್ರೆ ಡಾಕ್ಟ್ರು ಹುಳುಕು ಹಲ್ಲು ಮುಟ್ಟಿದ ಹಾಗೆ ಕಿರುಚೋರು." ಬಗ್ಗಿ ನೋಡಿದ. ಸೀಟಿನ ಕೆಳಗಿನ ಕೊಳವೆಗೆ ಉಂಗುರದಂತೆ ಕೆಂಪು ಟೇಪು ಸುತ್ತಿತ್ತು. "ಇದು ನಾನೇ ಹಾಕಿದ ಗುರುತು. ಟೇಪು, ಕೊಳವೆ ಬಿಗಿಯೋ ಈ ಹಿಡಿ ಮೇಲೇ ಕೂತಿರಬೇಕು. ಈಗ ನೋಡಿ."

ಟೇಪು ಮತ್ತು ಹಿಡಿಯ ನಡುವೆ ಅವನು ಬೆರಳಿಟ್ಟ. ಸರಿಯಾಗಿ ಎರಡು ಬೆರಳು.

"ನಿಮ್ಮ ಠಾಣೇಲಿ ಯಾರಾದ್ರೂ ಆಟ ಆಡಿರಬೇಕು, ಮೇಡಂ."

"ಸಿಕ್ಕ ದಿನವೇ ಆ ಹಿಡಿಗೆ ಚೀಟಿ ಅಂಟಿಸಿ ಸೀಲು ಹಾಕಿದ್ದು ನಾನೇ. ಇವತ್ತು ಬೆಳಿಗ್ಗೆ ಹರಿದದ್ದೂ ನಾನೇ."

ಚಕ್ರಪಾಣಿ ತಲೆ ಕೆರೆದುಕೊಂಡ. "ಹಾಗಾದ್ರೆ ಡಾಕ್ಟ್ರಿಗಿಂತ ಉದ್ದ ಇರೋ ಯಾರೋ ಇದನ್ನ ಸೇತುವೆವರೆಗೂ ತುಳಿದಿದ್ದಾರೆ. ಔಷಧಿ ಅಂಗಡಿಯವರು ಉದ್ದ ಇದ್ದಾರೆ, ಡಾಕ್ಟ್ರ ಜೊತೆ ದಿನಾ ಸೈಕಲ್ ಹೊಡೆಯೋರು. ಆದ್ರೆ ಅವರು ಬಿದ್ದು ತೋಳು ಮುರ್ಕೊಂಡು ಎರಡು ತಿಂಗಳಾಯ್ತು. ಇವತ್ತಿಗೂ ಕೈನ ಕತ್ತಿಗೆ ಕಟ್ಕೊಂಡೇ ಓಡಾಡ್ತಾರೆ."

"ಇನ್ನು ಯಾರು ಉದ್ದ?"

"ಇನ್ನು..." ಅವನು ಸುಮ್ಮನೆ ನಕ್ಕ. "ಡಾಕ್ಟ್ರ ಪಕ್ಕದಲ್ಲಿ ನಿಂತ್ರೆ ಅವರ ಮನೆಯವರೇ ಉದ್ದ. ಆದ್ರೆ ಆಯಮ್ಮನಿಗೆ ಸೈಕಲ್ ಬರಲ್ಲ."

"ಬರಲ್ಲ ಅಂತ ಯಾರು ಹೇಳಿದ್ದು?"

"ಆಯಮ್ಮನೇ."

ನಿಧಾನಮ್ಮ ಮತ್ತೆ ಸೈಕಲ್ ಹತ್ತಿದಳು. ಸೀಟನ್ನು ಇಳಿಸಲಿಲ್ಲ.

*

ಕೆಳಗೆ ಆಸ್ಪತ್ರೆ, ಮೇಲೆ ಮನೆ. ಬಾಗಿಲಿಗೆ 'ಡಾಕ್ಟರು ಇಲ್ಲ' ಎಂಬ ಹಲಗೆ ನೇತಾಡುತ್ತಿದ್ದರೂ ಒಳಗೆ ದೀಪ ಉರಿಯುತ್ತಿತ್ತು. ಡಾಕ್ಟರ ಹೆಂಡತಿ ಉಕ್ಕಿನ ತಟ್ಟೆಯಲ್ಲಿ ಇಕ್ಕಳ, ಪುಟ್ಟ ಕನ್ನಡಿ, ಕೊಕ್ಕೆಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಆಗಷ್ಟೇ ಕುದಿಸಿ ತೆಗೆದದ್ದು. ಹಬೆ ಇನ್ನೂ ಏಳುತ್ತಿತ್ತು. ಹಲ್ಲು ಕೀಳುವ ಕುರ್ಚಿಯ ಮೇಲೆ ಒಗೆದ ಬಿಳಿಯ ಬಟ್ಟೆ ಹಾಸಿತ್ತು.

"ರೋಗಿಗಳು ಬರ್ತಾರಾ?" ಎಂದಳು ನಿಧಾನಮ್ಮ.

"ಯಾರೂ ಬರಲ್ಲ. ಆದ್ರೂ ದಿನಾ ಕುದಿಸ್ತೀನಿ. ಕೈಗೆ ಇದೇ ಅಭ್ಯಾಸ."

ನಲವತ್ತೆಂಟರ ಹೆಂಗಸು. ನೆಟ್ಟ ಕಂಬದಂಥ ನಿಲುವು. ಮೂರು ವಾರದಲ್ಲಿ ಕೆನ್ನೆ ಇಳಿದಿತ್ತು, ಬೆನ್ನು ಬಾಗಿರಲಿಲ್ಲ.

"ಸೈಕಲ್ಲು ಗೇಟಿನ ಹತ್ರ ನಿಂತಿದೆ," ಎಂದಳು ನಿಧಾನಮ್ಮ, ಬೆಂಚಿನ ಮೇಲೆ ಉಸ್ಸೆಂದು ಕೂರುತ್ತ. "ಹನಿ ಬೀಳೋ ಹಾಗಿದೆ. ಸ್ವಲ್ಪ ಒಳಗೆ ತಂದುಬಿಡ್ತೀರಾ? ನನ್ನ ಮೊಣಕಾಲು ಕೈಕೊಟ್ಟಿದೆ."

ಆಕೆ ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಹೋದಳು. ನಿಧಾನಮ್ಮ ಕಿಟಕಿಯಿಂದ ನೋಡುತ್ತಿದ್ದಳು.

ಸೈಕಲ್ ಬರದವರು ಸೈಕಲ್ ತಳ್ಳುವ ರೀತಿಯೇ ಬೇರೆ. ಹೋರಿಯ ಕೊಂಬು ಹಿಡಿದವರಂತೆ ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿಯುತ್ತಾರೆ. ಆದರೂ ಪೆಡಲು ಕಾಲಿಗೆ ಬಡಿಯುತ್ತದೆ. ಡಾಕ್ಟರ ಹೆಂಡತಿ ಹ್ಯಾಂಡಲ್ ಮುಟ್ಟಲೇ ಇಲ್ಲ. ಬಲಗೈಯನ್ನು ಸೀಟಿನ ಮೇಲಿಟ್ಟಳು, ಅಷ್ಟೆ. ಒಂದೇ ಕೈ. ಸೈಕಲ್ಲು ಸಾಕಿದ ಕರುವಿನ ಹಾಗೆ ಅವಳ ಪಕ್ಕದಲ್ಲಿ ನಡೆದುಬಂತು. ಹೂಕುಂಡದ ಬಳಿ ಅವಳು ಸೀಟನ್ನು ಒಂದಿಷ್ಟು ವಾಲಿಸಿದಳು. ಚಕ್ರ ತಾನಾಗಿ ತಿರುಗಿತು.

ಆಕೆ ಅದನ್ನು ಗೋಡೆಗೊರಗಿಸಿ ತಲೆ ಎತ್ತಿದಾಗ ನಿಧಾನಮ್ಮ ಬಾಗಿಲಲ್ಲಿ ನಿಂತಿದ್ದಳು.

"ಎಷ್ಟು ದಿನ ಆಯ್ತು ಕಲಿತು?"

ಡಾಕ್ಟರ ಹೆಂಡತಿ ತನ್ನ ಬಲಗೈ ನೋಡಿಕೊಂಡಳು. ಅದು ಇನ್ನೂ ಸೀಟಿನ ಮೇಲೇ ಇತ್ತು. ಬಿಸಿ ಮುಟ್ಟಿದಂತೆ ಹಿಂದಕ್ಕೆ ಎಳೆದುಕೊಂಡಳು.

"ಏನು ಕಲಿತು?"

"ಸೀಟು ಎರಡು ಬೆರಳು ಮೇಲಿದೆ, ತಾಯಿ. ನಿಮ್ಮ ಕಾಲಿಗೆ ಸರಿಯಾಗಿ."

 ಆಕೆ ಒಳಗೆ ಬಂದು ರೋಗಿಗಳು ಕೂರುವ ಬೆಂಚಿನ ತುದಿಯಲ್ಲಿ ಕೂತಳು.

"ಮೊಣಕಾಲು ಎದೆಗೆ ತಾಗ್ತಿತ್ತು," ಎಂದಳು ಮೆಲ್ಲಗೆ. "ಅದಕ್ಕೇ ಏರಿಸಿದೆ. ಮತ್ತೆ ಇಳಿಸೋದು ಮರೆತೆ."

"ಮೊದಲಿಂದ ಹೇಳಿ. ನನಗೆ ಅವಸರ ಇಲ್ಲ."

"ನಮ್ಮನೆಯವರು ಊರಿನವರ ಬಾಯೆಲ್ಲ ನೋಡಿದೋರು, ಮೇಡಂ. ತಾವು ಮಾತ್ರ ಬಾಯಿ ಬಿಟ್ಟೋರಲ್ಲ. ಗುರುವಾರ ಬೆಳಿಗ್ಗೆ ಆಸ್ಪತ್ರೆ ರಜ. ಅವತ್ತೊಂದು ದಿನ ಮಧ್ಯಾಹ್ನದವರೆಗೂ ಸೈಕಲ್ಲು. ಎಲ್ಲಿಗೆ ಅಂದ್ರೆ, ಹೀಗೇ ಅನ್ನೋರು. ಬರುವಾಗ ಮುಖದ ತುಂಬ ಏನೋ ಸಂತೋಷ. ಆ ಸಂತೋಷ ನನಗೆ ತಡೆಯೋಕಾಗಲಿಲ್ಲ."

ಅವಳು ತಂಗಿಯ ಮನೆಗೆಂದು ಸುಳ್ಳು ಹೇಳಿ ಹೊರಡುತ್ತಿದ್ದಳು. ಕಾಲುವೆಯ ಕೆಳತುದಿಯಲ್ಲಿ, ಯಾರೂ ಓಡಾಡದ ಕಡೆ, ಕೊಂಡ ಹಳೆಯ ಸೈಕಲ್ಲಿನ ಮೇಲೆ ಮೂರು ತಿಂಗಳು ಬಿದ್ದೆದ್ದಳು. ಕಲಿಸುವವರಿರಲಿಲ್ಲ.

"ಬಿದ್ದೇ ಕಲಿತೆ. ಅವರನ್ನ ಹಿಡಿಯೋಕೆ ಅಂತ ಹೋದವಳು ನಾನು. ಆದ್ರೆ ಅದೇ ನನಗೆ ಹಿಡಿಸಿಬಿಡ್ತು, ಮೇಡಂ. ಒಂದಿನ ಬೀಳದೆ ಮೈಲಿಗಟ್ಟಲೆ ಹೋದೆ. ನೀರು ನನ್ನ ಜೊತೆಗೇ ಬರ್ತಿತ್ತು. ಯಾಕೆ ಬಂದೆ ಅನ್ನೋದೇ ಮರೆತುಹೋಗಿತ್ತು. ಈ ವಯಸ್ಸಲ್ಲಿ ಅಷ್ಟು ಸುಖ ಉಂಟು ಅಂತ ನನಗೆ ಗೊತ್ತಿರಲಿಲ್ಲ. ಆಗ ಅನ್ನಿಸ್ತು, ಇವರಿಗೂ ಇಷ್ಟೇ ಇರಬಹುದೇನೋ ಅಂತ. ಅಲ್ಲಿಗೇ ಬಿಡಬೇಕಿತ್ತು."

"ಬಿಡಲಿಲ್ಲ."

"ಬಿಡಲಿಲ್ಲ. ಆ ಗುರುವಾರ ಹಿಂದೆ ಹೋದೆ. ದಿಬ್ಬಗಳ ಮೇಲೆ, ಹಸಿರು ಗೇಟಿನ ಒಂದು ಮನೆ. ಹೊರಗೆ ಇವರ ಸೈಕಲ್ಲು. ಒಳಗಿಂದ ಹೆಂಗಸಿನ ಹಾಡು."

ತಟ್ಟೆಯ ಮೇಲಿನ ಹಬೆ ಆರಿತ್ತು.

"ಅರ್ಧ ಗಂಟೆ ಪೊದೆ ಹಿಂದೆ ನಿಂತೆ. ಯಾರೂ ಹೊರಗೆ ಬರಲಿಲ್ಲ.  ನನ್ನ ಸೈಕಲ್ಲನ್ನ ಪೊದೆಯೊಳಗೆ ತಳ್ಳಿ ಇವರದ್ದನ್ನ ಹತ್ತಿ ಬಂದುಬಿಟ್ಟೆ. ನಡ್ಕೊಂಡು ಬರಲಿ ಮಹಾರಾಯ, ಅಂತ! ಸೇತುವೆ ಹತ್ರ ನಿಲ್ಲಿಸಿದೆ. ದಾರೀಲಿ ಕಂಡು ದಿಗಿಲು ಬೀಳಲಿ ಅಂತ ಅಷ್ಟೆ. ಸಾಯಂಕಾಲದವರೆಗೂ ಬಾಗಿಲು ನೋಡ್ತಾ ಕೂತಿದ್ದೆ. ಬರಲೇ ಇಲ್ಲ."

"ಊರೆಲ್ಲ ಕಾಲುವೆ ಹುಡುಕಿತು. ನೀವು ಬಾಯಿ ಬಿಡಲಿಲ್ಲ."

ಆಕೆ ಮೊದಲ ಸಲ ನಿಧಾನಮ್ಮನ ಕಣ್ಣು ನೋಡಿದಳು.

"ಬಿಟ್ಟು ಹೋದವನ ಹೆಂಡತಿ ಅನ್ನಿಸ್ಕೊಳ್ಳೋದಕ್ಕಿಂತ ಮುಳುಗಿದವನ ಹೆಂಡತಿ ಅನ್ನಿಸ್ಕೊಳ್ಳೋದು ಮೇಲು ಅಂದುಕೊಂಡೆ. ಅವರು ಆ ಮನೇಲೇ ಸುಖವಾಗಿದ್ದಾರೆ ಅಂತ ದಿನಾ ರಾತ್ರಿ ಶಾಪ ಹಾಕ್ತೀನಿ. ಸತ್ತಿಲ್ಲವಲ್ಲ ಅಂತ ದಿನಾ ಬೆಳಿಗ್ಗೆ ಇವನ್ನೆಲ್ಲ ಕುದಿಸಿಡ್ತೀನಿ."

ನಿಧಾನಮ್ಮ ಗೋಡೆಯ ಬಳಿ ಹೋಗಿ ಡಾಕ್ಟರ ಸೈಕಲ್ಲಿನ ಸೀಟನ್ನು ಕೆಂಪು ಟೇಪಿನವರೆಗೂ ಇಳಿಸಿದಳು.

"ನಿಮ್ಮದು ಎಲ್ಲಿದೆ?"

"ಮರುದಿನವೇ ಹೋಗಿ ತಂದೆ. ಹಿಂದಿನ ಉಗ್ರಾಣದಲ್ಲಿದೆ."

"ತಗೊಳ್ಳಿ. ಇವತ್ತೂ ಗುರುವಾರವೇ."

"ನಿಮ್ಮ ಮೊಣಕಾಲು?"

"ಅದರ ನೋವು ಬೇಕಾದಾಗ ಬರುತ್ತೆ, ಬೇಡದಾಗ ಹೋಗುತ್ತೆ."

*

ಕಲ್ಲುಸೇತುವೆ ದಾಟಿದ ಮೇಲೆ ದಾರಿ ಕಾಲುವೆಯನ್ನು ಬಿಟ್ಟು ದಿಬ್ಬಗಳಿಗೆ ಹತ್ತಿತು. ಏರು, ಇಳಿ, ಮತ್ತೆ ಏರು, ಮತ್ತೆ ಇಳಿ. ನೆಲವೇ ನಿದ್ದೆಯಲ್ಲಿ ಉಸಿರಾಡುತ್ತಿರುವಂತೆ. ಏರಿನಲ್ಲಿ ಇಬ್ಬರ ಏದುಸಿರು ಒಂದೇ ತಾಳಕ್ಕೆ ಬೀಳುತ್ತಿತ್ತು. ಇಳಿಜಾರಿನಲ್ಲಿ ಗಾಳಿ ಕಿವಿ ತುಂಬಿ, ಹುಲ್ಲುಗಾವಲುಗಳು ಎರಡೂ ಕಡೆ ಬಣ್ಣ ಕಲಸಿದಂತೆ ಸರಿದುಹೋಗುತ್ತಿದ್ದವು. ಹನಿ ಬೀಳಲಿಲ್ಲ. ಮಂಜು ತೆಳ್ಳಗಾಗಿ ಬಿಸಿಲು ಹಾಲಿನಂತೆ ಸೋರುತ್ತಿತ್ತು.

ಡಾಕ್ಟರ ಹೆಂಡತಿ ಮುಂದೆ ಹೋಗುತ್ತಿದ್ದಳು. ಅವಳು ತುಳಿಯುವುದು ನೋಡಲು ಚೆಂದವಿತ್ತು. ಒಂದು ಇಳಿಜಾರಿನಲ್ಲಿ ಅವಳು ಬ್ರೇಕಿನಿಂದ ಬೆರಳು ತೆಗೆದು, ಮುಖ ಮೇಲೆತ್ತಿ, ಕಣ್ಣು ಅರ್ಧ ಮುಚ್ಚಿದ್ದನ್ನು ನಿಧಾನಮ್ಮ ಕಂಡಳು. ಗಂಡನನ್ನು ಕಳೆದುಕೊಂಡ ಹೆಂಗಸು ಒಂದು ಗಳಿಗೆ ಎಲ್ಲವನ್ನೂ ಕಳೆದುಕೊಂಡು ಹಗುರಾಗಿದ್ದಳು. ಮುಂದಿನ ಏರು ಬಂದೊಡನೆ ಭುಜ ಮತ್ತೆ ಬಿಗಿಯಿತು.

ಹತ್ತಕ್ಕೆ ಇನ್ನೂ ಕಾಲು ಗಂಟೆ ಇದ್ದಾಗ ಹಸಿರು ಗೇಟು ಕಂಡಿತು.

ಬಾಗಿಲು ತೆಗೆದದ್ದು ಎಂಬತ್ತರ ಹತ್ತಿರದ ಅಜ್ಜಿ. ಬಿಳಿಯ ಕೂದಲು, ಇಸ್ತ್ರಿ ಮಾಡಿದ ಬಟ್ಟೆ. ಕಣ್ಣು ತೆರೆದಿದ್ದವು, ಆದರೆ ಇವರಿಬ್ಬರ ನಡುವಿನ ಬಯಲನ್ನು ನೋಡುತ್ತಿದ್ದವು.

"ಎರಡು ಸೈಕಲ್ಲಿನ ಸದ್ದು ಕೇಳ್ತು," ಎಂದಳು ಅಜ್ಜಿ. "ಒಂದು ಡಾಕ್ಟ್ರದ್ದು. ಆದ್ರೆ ಇಳಿದವರು ಡಾಕ್ಟ್ರಲ್ಲ."

ಡಾಕ್ಟರ ಹೆಂಡತಿ ಅಜ್ಜಿಯನ್ನು ನೋಡುತ್ತಲೇ ಇದ್ದಳು. ಮೂರು ವಾರ ಅವಳು ಊಹಿಸಿಕೊಂಡು ಶಪಿಸಿದ ಹೆಂಗಸಿಗೆ ಮೂವತ್ತು ವರ್ಷ ಇತ್ತು, ಉದ್ದ ಜಡೆ ಇತ್ತು.

ನಿಧಾನಮ್ಮ ತಾನು ಯಾರೆಂದು ಹೇಳಿದಳು. ಜೊತೆಯಲ್ಲಿದ್ದವಳು ಯಾರೆಂದು ಹೇಳಲಿಲ್ಲ. ಒಳಗಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಒಂದು ಪಿಯಾನೊ, ಎದುರುಬದುರಾಗಿ ಎರಡು ಕುರ್ಚಿ. ನೆಲಕ್ಕೆ ಹಲಗೆ ಹೊದಿಸಿತ್ತು.

"ಡಾಕ್ಟರು ಇಲ್ಲಿಗೆ ಯಾಕೆ ಬರ್ತಿದ್ರು, ಅಮ್ಮ?"

"ಹಾಡು ಕಲಿಯೋಕೆ. ಗುರುವಾರ ಹತ್ತು ಗಂಟೆಗೆ. ಗಂಟಲು ಅಷ್ಟಕ್ಕಷ್ಟೇ, ಆದ್ರೆ ಆಸೆ ದೊಡ್ಡದು." ಅಜ್ಜಿ ನಕ್ಕಳು. "ಮದುವೆಯಾದ ಹೊಸದರಲ್ಲಿ ಹೆಂಡತಿ ಎದುರಿಗೆ ಹಾಡಿದ್ರಂತೆ. ಅವಳು ಬಿದ್ದು ಬಿದ್ದು ನಕ್ಕಳಂತೆ. ಬರೋ ತಿಂಗಳಿಗೆ ಇಪ್ಪತ್ತೈದು ವರ್ಷ ತುಂಬುತ್ತೆ, ಅವತ್ತು ಒಂದು ಹಾಡಾದ್ರೂ ಸರಿಯಾಗಿ ಹಾಡಿ ತೋರಿಸ್ತೀನಿ, ಅಲ್ಲಿವರೆಗೂ ಅವಳಿಗೆ ತಿಳೀಬಾರದು, ಅನ್ನೋರು."

ಡಾಕ್ಟರ ಹೆಂಡತಿ ಪಿಯಾನೊದ ಅಂಚು ಹಿಡಿದುಕೊಂಡಳು. ಬಾಯಿಗೆ ಸೆರಗು ಒತ್ತಿದಳು. 

"ಮೂರು ವಾರದ ಹಿಂದೆ ಬಂದಾಗ ಏನಾಯ್ತು?"

"ಆಗ ಅರ್ಧ ಪಾಠಕ್ಕೇ ಎದ್ದರು. ಹಿತ್ತಿಲ ಕಡೆಯಿಂದ ಯಾರೋ ಕರೆದ ಹಾಗಾಯ್ತು. ಒಂದು ನಿಮಿಷ ಬಂದೆ ಅಮ್ಮ ಅಂದ್ರು. ನಾನು ಕಾಯ್ತಾ ಒಬ್ಬಳೇ ಹಾಡ್ತಿದ್ದೆ. ಬಹಳ ಹೊತ್ತಾದ ಮೇಲೆ ಗೇಟಿನ ಕಡೆಯಿಂದ ಸೈಕಲ್ಲು ಹೋದ ಸದ್ದು ಕೇಳ್ತು. ಸರಿ, ಹೇಳದೆ ಹೋದ್ರು ಅಂದುಕೊಂಡೆ."

"ಅದು ನಾನು," ಎಂದು ಡಾಕ್ಟರ ಹೆಂಡತಿ ತನಗೆ ತಾನೇ ಹೇಳಿಕೊಂಡಳು.

"ಆವತ್ತಿನಿಂದ ಡಾಕ್ಟರು ಕಾಣೆಯಾಗಿದ್ದಾರೆ, ಅಮ್ಮ."

ಅಜ್ಜಿಯ ಹುಬ್ಬು ಮೇಲೇರಿತು. "ಕಾಣೆ? ಹೋದ ಗುರುವಾರ ಇದೇ ಕುರ್ಚೀಲಿ ಕೂತಿದ್ರಲ್ಲ! ಅದರ ಹಿಂದಿನ ಗುರುವಾರವೂ ಬಂದಿದ್ರಲ್ಲ!"

 ಡಾಕ್ಟರ ಹೆಂಡತಿ ಏನೋ ಹೇಳಹೊರಟಳು. ನಿಧಾನಮ್ಮ ಕೈ ಅಡ್ಡ ಹಿಡಿದಳು.

"ಅವರೇ ಅಂತ ಹೇಗೆ ಗೊತ್ತು?"

"ಶೂ. ಪೆಡಲಿಗೆ ಕಚ್ಚಿಕೊಳ್ಳೋಕೆ ಅಡಿಯಲ್ಲಿ ಲೋಹ ಇರುತ್ತಲ್ಲ, ಆ ಶೂ. ಹಲಗೆ ಮೇಲೆ ಟಕ್ ಟಕ್ ಅನ್ನುತ್ತೆ. ಎಡಗಾಲಿನದು ಸ್ವಲ್ಪ ಸಡಿಲ, ಒಂದು ಸ್ವರ ಕೆಳಗೆ ಬೀಳುತ್ತೆ. ಅದೇ ಶೂ." ಅಜ್ಜಿ ಮಾತು ನಿಲ್ಲಿಸಿ, ಮಡಿಲಲ್ಲಿ ಕೈ ಜೋಡಿಸಿದಳು. ಆಮೇಲೆ ದನಿ ತಗ್ಗಿಸಿ ಹೇಳಿದಳು: "ಶೂ ಅವರದೇ. ಕಾಲು ಅವರದಲ್ಲ."

"ಅಂದ್ರೆ?"

"ಗಂಟಲು ಕಟ್ಟಿದೆ ಅಂತ ಬಂದವನು ಪಿಸುದನೀಲಿ ಹೇಳಿದ. ಹಾಡಲಿಲ್ಲ, ನಾನು ಹಾಡಿದ್ದನ್ನ ಕೇಳಿದ. ಮೊದಲನೇ ವಾರ ನಂಬಿದೆ. ಎರಡನೇ ವಾರ ಉಸಿರು ಕೇಳಿಸ್ಕೊಂಡೆ. ಮೇಲಿನ ಸ್ವರ ಬಂದಾಗ ಡಾಕ್ಟ್ರು ಉಸಿರು ಬಿಗಿಹಿಡೀತಾರೆ, ತಾವೇ ಹಾಡೋರ ಹಾಗೆ. ಇವನು ಹಿಡಿಯಲಿಲ್ಲ."

"ಗೊತ್ತಾದ ಮೇಲೂ ಸುಮ್ಮನಿದ್ರಾ?"

"ಈ ಮನೆಗೆ ವಾರಕ್ಕೊಬ್ಬರು ಬರೋದು, ತಾಯಿ. ಅವರನ್ನೂ ಸುಳ್ಳು ಅಂತ ಅಟ್ಟಿಬಿಟ್ರೆ ನಾನು ಯಾರಿಗೆ ಹಾಡಲಿ?"

ನಿಧಾನಮ್ಮ ಕಿಟಕಿಯ ಕಡೆ ತಿರುಗಿದಳು. ಕಿಟಕಿಯ ಹೊರಗೆ ಹುಲ್ಲು ಗಾಳಿಗೆ ಬಾಗಿ ಏಳುತ್ತಿತ್ತು.

"ಅವನು ಏನಾದ್ರೂ ಕೇಳಿದನಾ? ಏನಾದ್ರೂ ಹುಡುಕಿದನಾ?"

"ಎರಡು ಸಲವೂ ಹೊರಡುವಾಗ ಒಂದೇ ಪ್ರಶ್ನೆ. 'ನನ್ನ ಹೆಂಡತಿ ಏನಾದ್ರೂ ಇಲ್ಲಿಗೆ ಬಂದಿದ್ಲಾ?' ಅಂತ."

ಗಡಿಯಾರ ಹತ್ತು ಹೊಡೆಯತೊಡಗಿತು. ಅಜ್ಜಿ ತಲೆಯನ್ನು ಒಂದಿಷ್ಟು ವಾಲಿಸಿದಳು. ಹತ್ತನೆಯ ಹೊಡೆತ ಅಡಗಿದ ಮೇಲೂ ಹಾಗೇ ಇದ್ದಳು.

"ಬಂದ," ಎಂದಳು.

ಇವರಿಬ್ಬರಿಗೂ ಏನೂ ಕೇಳಿಸಿರಲಿಲ್ಲ. ಆಮೇಲೆ ಕೇಳಿಸಿತು. ಹಿತ್ತಿಲ ಕಲ್ಲುಹಾಸಿನ ಮೇಲೆ, ಯಾವ ಅವಸರವೂ ಇಲ್ಲದೆ: ಟಕ್, ಟಕ್. ಎಡಗಾಲಿನದು ಒಂದು ಸ್ವರ ಕೆಳಗೆ.

ನಿಧಾನಮ್ಮ ಬಾಗಿಲ ಮರೆಗೆ ಸರಿದಳು. ಜೀವನದಲ್ಲಿ ಅಪರೂಪಕ್ಕೆ ಬೇಗ ಸರಿದಳು. ಡಾಕ್ಟರ ಹೆಂಡತಿಗೆ ಸನ್ನೆ ಮಾಡಿದಳು, ಆದರೆ ಆಕೆ ಕೋಣೆಯ ನಡುವೆ ನಿಂತುಬಿಟ್ಟಿದ್ದಳು.  ಅದು ಗಂಡನ ನಡಿಗೆಯಲ್ಲ ಎಂದು ಅವಳಿಗೂ ತಿಳಿದಿತ್ತು. ಆದರೂ ಕಣ್ಣು ಬಾಗಿಲನ್ನು ಬಿಡಲಿಲ್ಲ.

ಬಾಗಿಲು ತೆರೆಯಿತು.

ಬಂದವನಿಗೆ ನಲವತ್ತರ ಆಸುಪಾಸು. ಠಾಣೆಯ ಗೋಡೆಯ ಮೇಲೆ ಇಪ್ಪತ್ತೊಂದು ದಿನದಿಂದ ಅಂಟಿಸಿದ್ದ ಚಿತ್ರದಲ್ಲಿದ್ದ ಅದೇ ಗದ್ದ, ಅದೇ ಅಗಲ ಹಣೆ. ವಯಸ್ಸು ಮಾತ್ರ ಹತ್ತು ವರ್ಷ ಕಡಿಮೆ. ಅವನು ಡಾಕ್ಟರ ಹೆಂಡತಿಯನ್ನು ನೋಡಿದ. ಬೆಚ್ಚಲಿಲ್ಲ, ಓಡಲಿಲ್ಲ. ಬಗ್ಗಿ ಶೂ ಬಿಚ್ಚಿ, ಎರಡನ್ನೂ ಜೋಡಿಸಿ ಗೋಡೆಯ ಪಕ್ಕಕ್ಕಿಟ್ಟ. ಮುಖದ ಮೇಲೆ ದಣಿದ ಮನುಷ್ಯನ ನೆಮ್ಮದಿ ಇತ್ತು.

"ಕೊನೆಗೂ ಬಂದ್ರಲ್ಲ, ಅತ್ತಿಗೆ," ಎಂದ. "ನಿಮಗೋಸ್ಕರವೇ ವಾರವಾರ ಇಲ್ಲಿಗೆ ಬರ್ತಿದ್ದೆ. ಬೇಗ ಹೊರಡಿ. ಅಣ್ಣನಿಗೆ ಇನ್ನು ಹೆಚ್ಚು ಹೊತ್ತಿಲ್ಲ."

ನಿಧಾನಮ್ಮ ಮರೆಯಿಂದ ಹೊರಬಂದು ಡಾಕ್ಟರ ಹೆಂಡತಿಯ ಮುಖ ನೋಡಿದಳು. ಆಕೆಯ ತುಟಿ ಸುಣ್ಣದಂತೆ ಬಿಳಚಿಕೊಂಡಿತ್ತು.

"ಮೇಡಂ," ಎಂದಳು ಆಕೆ, ಕಣ್ಣನ್ನು ಅವನಿಂದ ಕೀಳದೆ, "ನಮ್ಮ ಅತ್ತೆ ಹೆತ್ತಿದ್ದು ಒಂದೇ ಮಗು."